ಮಿತ್ರಬಲವೂ ಕೂಟಯುದ್ಧವೂ: ಉತ್ತರ ಇರಾಕಿನ ಒಂದು ಪ್ರಸಂಗ

ಕೌಟಿಲ್ಯನು ಸೈನ್ಯವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ ಎಂದು ಆರು ಬಗೆಯಾಗಿ ವಿಭಾಗಿಸಿರುವನಷ್ಟೆ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕಾದವರೊಡನೆ ನಿಂತು ಕಾದಿದ ಕುರ್ದ್ ಯೋಧರನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸತಕ್ಕದ್ದು? ಪರ್ವತವಾಸಿಗಳೆಂಬ ಮಾತ್ರದಿಂದ ಅಟವೀಬಲವೆಂದು ಕೆಲವರು ಹೇಳಿಯಾರು. ಅದು ನನಗೆ ಸಮ್ಮತವಲ್ಲ. ಆಟವಿಕನನ್ನು ಕರೆತರುವುದು ಕೊಳ್ಳೆಯ ಆಸೆ. ಇವರಿಗಾದರೋ ಸ್ವಂತ ನಾಯಕರಿದ್ದರು, ಪಕ್ಷಗಳಿದ್ದವು. 1992ರಲ್ಲಿ ತಾವೇ ಚುನಾಯಿಸಿಕೊಂಡ ಶಾಸನಸಭೆಯಿದ್ದಿತು. ‘ಪೆಷ್ಮರ್ಗಾ’ ಎಂಬ ಇವರ ಹೆಸರಿಗೆ ಮೃತ್ಯುವಿಗೆ ಎದುರಾಗಿ ನಿಲ್ಲುವವರೆಂದು ಅರ್ಥ. (ಅದರಲ್ಲಿನ ‘ಮರ್ಗ್’ ಶಬ್ದವೂ ನಮ್ಮ ‘ಮೃತ್ಯು’ವೂ ಒಂದೇ ಧಾತುವಿನ ಸಂತಾನವೆಂಬುದು ಭಾಷಾಭ್ಯಾಸಿಗಳಿಗೆ ವಿದಿತವೇ ಇದೆ.)

ಈ ಮೈತ್ರಿಗೆ ಅಷ್ಟೊಂದು ಭಾರ ಬಿದ್ದುದು ತುರ್ಕಿಯಿಂದ. ಅಮೆರಿಕಾದ ಸೇನೆಗೆ ದಾರಿ ಕೊಡುವ ಸೂಚನೆಗೆ ಆ ವರ್ಷದ ಮಾರ್ಚಿ 1ರಂದು ತುರ್ಕಿಯ ಸಭೆಯಲ್ಲಿ 264 ಮತಗಳು ಪರವಾಗಿಯೂ 250 ವಿರೋಧವಾಗಿಯೂ ಬಂದವು. 19 ಮಂದಿ ತಟಸ್ಥರಾದುದರಿಂದ ಬಹುಮತಕ್ಕೆ ಮೂರು ಮತ ಸಾಲದೆ ಸೂಚನೆ ಬಿದ್ದುಹೋಯಿತು. ಉತ್ತರದಿಂದ ಮಹಾಸೈನ್ಯವನ್ನು ನುಗ್ಗಿಸುವ ಆಸೆ ಅಲ್ಲಿಗೆ ಮುಗಿಯಿತು. ಆ ಸ್ಥಾನವನ್ನು ತುಂಬಿದವರು ರಾತ್ರಿಯಲ್ಲಿ ವಿಮಾನಗಳಿಂದ ಬಂದಿಳಿದ ಹತ್ತನೆಯ ವಿಶೇಷದಳದ ಸಣ್ಣ ತಂಡಗಳು. ಕಣಿವೆಯ ಕಾಲುದಾರಿ, ನೀರಿನ ನೆಲೆ, ಶತ್ರುವಿನ ಠಾವು ಇವೆಲ್ಲ ಕುರ್ದರಿಗೆ ಗೊತ್ತು. ಆಕಾಶದಿಂದ ಬಾಂಬನ್ನು ಕರೆಯುವ ವಿದ್ಯೆ ಬಂದವರದು. ಮಾರ್ಚಿ 28ರಂದು ಹಲಬ್ಜಾದ ಸಮೀಪದ ಗಡಿಬೆಟ್ಟಗಳಲ್ಲಿ ಅನ್ಸಾರ್ ಅಲ್-ಇಸ್ಲಾಮಿನ ನೆಲೆಗಳ ಮೇಲೆ ಬಿದ್ದ ಸಾವಿರಾರು ಪೆಷ್ಮರ್ಗಾಗಳೊಡನೆ ಇದ್ದ ಅಮೆರಿಕಾದ ಯೋಧರು ಕೆಲವು ಹತ್ತು ಮಂದಿ ಮಾತ್ರ. ಕೆಲವೇ ದಿನಗಳಲ್ಲಿ ಕಾರ್ಯವು ಮುಗಿಯಿತು. ಬೆನ್ನ ಹಿಂದಿನ ಶತ್ರುವನ್ನು ಅಳಿಸಬೇಕೆಂಬುದು ಇಬ್ಬರಿಗೂ ಸಮಾನವಾದ ಪ್ರಯೋಜನವಾಗಿದ್ದಿತು. ಮಿತ್ರಬಲದ ಹೆಚ್ಚಳಕ್ಕೆ ಕೌಟಿಲ್ಯನು ಹೇಳುವ ಕಾರಣಗಳಲ್ಲಿ ಈ ಏಕಾರ್ಥತೆಯೂ ಒಂದು.

ಏಪ್ರಿಲ್ 6ರಂದು ದಿಬಗಾದ ಬಳಿ ಅಮೆರಿಕಾದ ವಿಮಾನವೊಂದು ತಪ್ಪಿ ಮಿತ್ರರ ಗುಂಪಿನ ಮೇಲೆಯೇ ಬಾಂಬು ಹಾಕಿತು. 15ಕ್ಕೂ ಹೆಚ್ಚು ಜನ ಸತ್ತರು. ಆದರೂ ಕೂಟವು ಮುರಿಯಲಿಲ್ಲ. ಅದು ಸಡಿಲವಾದುದು ಪ್ರಮಾದದಿಂದಲ್ಲ, ಕಿರ್ಕೂಕಿನಿಂದ. ಏಪ್ರಿಲ್ 10ರಂದು ಕುರ್ದರು ಆ ನಗರವನ್ನು ಹೊಕ್ಕರು. ಅವರಿಗೆ ಅದು ಪೂರ್ವಿಕರ ಊರು; ಅಮೆರಿಕಾದವರಿಗೆ ಎಣ್ಣೆಯ ಬಾವಿಗಳ ನಡುವೆ ತುರ್ಕಿಯನ್ನು ಕೆರಳಿಸಬಲ್ಲ ತೊಡಕು. ಅರ್ಥವು ಇಲ್ಲಿ ಎರಡಾಯಿತು. 1975ರಲ್ಲಿ ಇರಾನ್-ಇರಾಕುಗಳು ಅಲ್ಜೀರ್ಸಿನಲ್ಲಿ ಒಪ್ಪಂದ ಮಾಡಿಕೊಂಡೊಡನೆ ಇರಾನಿನ ಮತ್ತು ಅಮೆರಿಕಾದ ಸಹಾಯವೆಲ್ಲ ನಿಂತುಹೋದುದನ್ನು ಕಂಡಿದ್ದ ಕುರ್ದ್ ಮುಖಂಡರಿಗೆ ಇದು ಅಪೂರ್ವವಾದ ಅನುಭವವೇನಲ್ಲ. 2014ರಲ್ಲಿ ಇರಾಕಿ ಸೇನೆ ಬಿಟ್ಟೋಡಿದಾಗ ಕಿರ್ಕೂಕನ್ನು ಪೂರ್ತಿಯಾಗಿ ವಶಪಡಿಸಿಕೊಂಡ ಅವರು, 2017ರ ಸೆಪ್ಟೆಂಬರ್ 25ರಂದು ಸ್ವಾತಂತ್ರ್ಯಕ್ಕಾಗಿ ಜನಮತವನ್ನು ಕೇಳಿದರು. ಅಕ್ಟೋಬರ್ 16ರಂದು ಬಾಗ್ದಾದಿನ ಸೇನೆ ಅದನ್ನು ಮರಳಿ ಕಿತ್ತುಕೊಂಡಿತು. ಅಂದು ಎದುರುಬದುರಾಗಿ ನಿಂತ ಎರಡು ಬಲಗಳಿಗೂ ಅಸ್ತ್ರವಿದ್ಯೆಯನ್ನು ಕಲಿಸಿದ್ದವರು ಅಮೆರಿಕಾದವರೇ.