ಪದ ಪರಿಚಯ: ಉಪವಾಸ

ದಾನಮ್ಮನ ಗುಡ್ಡಾಪುರ ಇರುವ, ಮಹಾರಾಷ್ಟ್ರದ ಜತ್ ತಾಲ್ಲೂಕಿನಲ್ಲಿ ಅನೇಕರಿಗೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಎರಡಕ್ಕೂ ‘ಉಪವಾಸ’ ಒಂದೇ. ಸೋಮವಾರವೋ ಏಕಾದಶಿಯೋ ಹಿಡಿದವರ ತಾಟಿನಲ್ಲಿ ಶೇಂಗಾ ಪುಡಿ ಹಾಕಿದ ಸಾಬೂದಾಣಿ ಖಿಚಡಿ ಹಬೆಯಾಡುತ್ತಿರುತ್ತದೆ. ಹೊಟ್ಟೆ ಖಾಲಿ ಇರಬೇಕೆಂದು ಪದವೇನೂ ಹೇಳುವುದಿಲ್ಲ ಬಿಡಿ! ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು.

ಯಾರ ಹತ್ತಿರ ಯಾರು? ಶತಪಥ ಬ್ರಾಹ್ಮಣದ ವಿವರಣೆ ಸೊಗಸಾಗಿದೆ. ನಾಳೆ ಯಜ್ಞವೆಂದರೆ ದೇವತೆಗಳು ಇಂದೇ ಯಜಮಾನನ ಮನೆಗೆ ಬಂದು ತಂಗುತ್ತಾರೆ. ಅತಿಥಿಗಳಿಗಿಂತ ಮೊದಲು ಮನೆಯವನು ಉಣ್ಣುವುದು ಹೇಗೆ? ಹೀಗೆ ಹಸಿವು ಬಂದು ಸೇರಿಕೊಂಡಿತು. ಬೌದ್ಧರ ‘ಉಪೋಸಥ’ವೂ ಇದೇ ಬೇರಿನದು.

ಕನ್ನಡ ಬೈಬಲ್ಲಿನಲ್ಲಿ ಯೇಸು ಅಡವಿಯಲ್ಲಿ 40 ದಿನ ಮಾಡಿದ್ದೂ ಉಪವಾಸವೇ. ಅದನ್ನು ನೆನೆಯುವ ಕಾಲಕ್ಕೆ ಕನ್ನಡದ ಕಥೋಲಿಕರು ‘ತಪಸ್ಸುಕಾಲ’ ಎನ್ನುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ; 6 ಭಾನುವಾರ ಕಳೆದರೆ 40. ಇದೇ ಕಾಲದ ಇಂಗ್ಲಿಷ್ ಹೆಸರಾದ ‘ಲೆಂಟ್’ಗೆ ಮೂಲದಲ್ಲಿ ವಸಂತ ಎಂದಷ್ಟೇ ಅರ್ಥ, ದೇವರ ಸುದ್ದಿಯೇ ಇಲ್ಲ. ದೇವರು ಪಕ್ಕದಲ್ಲೇ ಇದ್ದಾನೆಂಬ ನಂಬಿಕೆಗೆ ನಮ್ಮ ಉಪವಾಸವೇ ಮೇಲಾದ ಪದ.