ಅಂಜಿಕೆಗೂ ಚರಿತ್ರೆ ಐತಿ

ಮೈಮೇಲಿನ ಬಾಸುಂಡೆಗಳ ಲೆಕ್ಕ ಪೊಲೀಸ್ ಠಾಣೆಯ ಕಾಗದದಲ್ಲಾದರೂ ಸಿಗುತ್ತದೆ. ಮನಸ್ಸಿನ ಬಾಸುಂಡೆಗಳ ಲೆಕ್ಕ ಇಟ್ಟವರು ಯಾರು?

ಪ್ಯಾಟಿ ಹೋಟೆಲಿನಲ್ಲಿ ಜಾತಿ ಕೇಳುವವರಿಲ್ಲ. ಆದರೂ ನಮ್ಮವ್ವ ಕುರ್ಚಿಯ ತುದಿಗೆ ಕೂಡುತ್ತಾಳೆ, ಚಾ ಕುಡಿದು ಲೋಟ ತೊಳೆಯಲು ನಲ್ಲಿ ಹುಡುಕುತ್ತಾಳೆ. ಯಾಕ ಯವ್ವಾ ಅಂದರೆ, 'ಏನೋಪ, ಕೈ ತಾನ ಹೋಗತೈತಿ' ಅನ್ನುತ್ತಾಳೆ.

ಕೈಯನ್ನು ಹೀಗೆ ನಮಗರಿವಿಲ್ಲದೆ ನಡೆಸುವುದನ್ನೇ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಸುಪ್ತಮನಸ್ಸು ಅಂದ. 1923ರಲ್ಲಿ ವ್ಯಕ್ತಿತ್ವವನ್ನು ಮೂರು ಪಾಲು ಮಾಡಿದ: ಬೇಕು ಎನ್ನುವ ಇಡ್, ತೂಗಿ ನಡೆಯುವ ಅಹಂ, ಬೇಡ ಎಂದು ಗದರುವ ಅತ್ಯಹಂ. ಬಿ.ಎಡ್. ಓದಿದ ಮೇಷ್ಟ್ರುಗಳಿಗೆ ಇದು ಬಾಯಿಪಾಠ. ತಂದೆಯ ಗದರಿಕೆಯನ್ನು ನುಂಗಿ ಮಗು ಅತ್ಯಹಂ ಬೆಳೆಸಿಕೊಳ್ಳುತ್ತದಂತೆ. ನಮ್ಮ ಕೇರಿಯಲ್ಲಿ ಅಪ್ಪನನ್ನೇ ಗದರುವ ಊರು ಐತಿ. ನಮ್ಮ ಮಗು ನುಂಗುವುದು ಊರನ್ನು.

ಗಿರೀಂದ್ರಶೇಖರ ಬೋಸರು 1922ರಲ್ಲೇ ಕಲ್ಕತ್ತೆಯಲ್ಲಿ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಆಗ ನಮ್ಮ ಕೊಪ್ಪಳ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಜಾತಿಯ ಬೇರು ಮನಸ್ಸಿನಲ್ಲಿದೆ ಎಂದು ಬಾಬಾಸಾಹೇಬರು 1936ರಲ್ಲಿ ತೋರಿಸಿದರು. ಕರಿಯರ ಕೀಳರಿಮೆ ಹುಟ್ಟುಗುಣವಲ್ಲ, ಆಳುವವರ ಸಮಾಜ ಒಳಗಿಳಿಸಿದ್ದು ಎಂದು ಕರಿಯ ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ 1952ರಲ್ಲಿ ಬರೆದ.

ನಮ್ಮವ್ವನ ಅಂಜಿಕೆ ಬರೀ ಭ್ರಮೆಯಲ್ಲ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಬಿತ್ತು. ಹೋಟೆಲು, ಕ್ಷೌರದಂಗಡಿಗೆ ಬಿಡದಿದ್ದ ಜಗಳ ಅದರ ಹಿಂದಿತ್ತು. 2024ರಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೆಚ್ಚಿನವರಿಗೆ ಹೈಕೋರ್ಟು ಜಾಮೀನು ಕೊಟ್ಟಿತು.

2021ರ ಸೆಪ್ಟೆಂಬರ್, ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಹುಟ್ಟುಹಬ್ಬದ ದಿನ ಅಪ್ಪ ಹೊರಗಿನಿಂದ ಕೈಮುಗಿಸಲು ಕರೆತಂದ ಎರಡು ವರ್ಷದ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು. ಕೂಸಿಗೆ ಇನ್ನೂ ಅತ್ಯಹಂ ಹುಟ್ಟಿರಲಿಲ್ಲ. ಊರು ಗುಡಿ ಶುದ್ಧಿಗೆ ದಂಡ ಕೇಳಿತು.

ಹಾಗಾದರೆ ರೋಗಿ ಯಾರು? ಲೋಟ ತೊಳೆಯುವ ನಮ್ಮವ್ವನ ಕೈ, ಗುಡಿ ತೊಳೆಯಹೊರಟ ಅವರ ಕೈ, ಎರಡೂ ತಾನೇ ಹೋಗುವ ಕೈಗಳೇ. ಒಂದನ್ನು ಅಂಜಿಕೆ ನಡೆಸುತ್ತದೆ, ಇನ್ನೊಂದನ್ನು ಸೊಕ್ಕು. ಆದರೆ ದಂಡ ಹಾಕಲು ಸಭೆ ಕೂಡಿದ್ದು ಸುಪ್ತಮನಸ್ಸಲ್ಲ, ಎಚ್ಚರವಿದ್ದ ಮನಸ್ಸೇ. ಅದಕ್ಕೆ ಮಾಫಿ ಇಲ್ಲ.

ಯಲಬುರ್ಗಾ, ಕುಷ್ಟಗಿಯ ಹಳ್ಳಿ ಶಾಲೆಗಳ ಮೇಷ್ಟ್ರೇ, ನಿಮ್ಮ ಮಕ್ಕಳನ್ನು ಕೇಳಿರಿ: ಯಾವ ಹೊಸ್ತಿಲ ಮುಂದೆ ನಿನ್ನ ಕಾಲು ತಾನೇ ನಿಲ್ಲತೈತಿ? ಅವರು ಹೇಳಿದ್ದನ್ನು ಬರೆದಿಡಿರಿ. ನಾವು ಬರೆಯಬೇಕಾದ ಚರಿತ್ರೆ ಅಲ್ಲಿಂದ ಸುರುವಾಗಲಿ.