ಶುವೈಖ್‌ನ ಸುಹೈಲ್, ಮಂಗಳೂರಿನ ಅಗಸ್ತ್ಯ: ಖಗೋಳ ಗೋಲದ ಪಾಠ

ಖಗೋಳ ಗೋಲವೆಂದರೆ ನಕ್ಷತ್ರಗಳನ್ನೂ ಆಕಾಶದ ವೃತ್ತಗಳನ್ನೂ ಮೈಮೇಲೆ ಗುರುತಿಸಿದ ಗುಂಡು. ಭೂಮಿಯನ್ನು ಅದರ ಕೇಂದ್ರದಲ್ಲಿ ಕಲ್ಪಿಸಿಕೊಂಡು ಆಕಾಶವನ್ನು ಹೊರಗಿನಿಂದ ನೋಡುವಂತೆ ಅದನ್ನು ರಚಿಸುವುದರಿಂದ, ನಕ್ಷತ್ರಪುಂಜಗಳು ಅಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತವೆ. ಅಬ್ದುಲ್ ರಹಮಾನ್ ಅಲ್ ಸೂಫಿ 964ರ ಸುಮಾರಿಗೆ ಬರೆದ ಸ್ಥಿರನಕ್ಷತ್ರಗಳ ಗ್ರಂಥವು 48 ಪುಂಜಗಳಿಗೂ ಎರಡೆರಡು ಚಿತ್ರಗಳನ್ನು, ಒಂದು ಆಕಾಶದಲ್ಲಿ ಕಂಡಂತೆ, ಇನ್ನೊಂದು ಗೋಲದ ಮೇಲೆ ಕಂಡಂತೆ, ಕೊಟ್ಟಿರುವುದು ಈ ಕಾರಣಕ್ಕಾಗಿಯೇ.

ಭಾರತದಲ್ಲಿ ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯ ಗೋಲಾಧ್ಯಾಯದಲ್ಲಿ, ಆಕಾಶದ ವೃತ್ತಗಳನ್ನು ಬಿದಿರಿನ ಸೀಳುಗಳಿಂದ ಕಟ್ಟಿ ಶಿಷ್ಯರಿಗೆ ತೋರಿಸುವ ಕ್ರಮವನ್ನು ವಿವರಿಸಿದರು. ಮೊಘಲರ ಕಾಲದ ಲಾಹೋರಿನ ಕುಶಲಕರ್ಮಿಗಳು ಮೇಣದ ಅಚ್ಚಿನಿಂದ ಬೆಸುಗೆಯೇ ಇಲ್ಲದ ಟೊಳ್ಳು ಲೋಹಗೋಲಗಳನ್ನು ಎರಕ ಹೊಯ್ದು, ನಕ್ಷತ್ರಗಳ ಸ್ಥಾನದಲ್ಲಿ ಬೆಳ್ಳಿಯ ಬೊಟ್ಟುಗಳನ್ನು ಕೂರಿಸಿದರು.

ಇಂಥ ಗೋಲದಿಂದ ಪಾಠ ಮಾಡುವವರು ಮೊದಲು ಅದರ ಧ್ರುವವನ್ನು, ಕ್ಷಿತಿಜವನ್ನು ಸೂಚಿಸುವ ಅಡ್ಡಬಳೆಯಿಂದ ಊರಿನ ಅಕ್ಷಾಂಶದಷ್ಟೇ ಎತ್ತರಕ್ಕೆ ಏರಿಸುತ್ತಾರೆ. ಕುವೈತಿನ ಶುವೈಖ್‌ಗೆ ಅದು 29 ಡಿಗ್ರಿಗಿಂತ ತುಸು ಹೆಚ್ಚು, ಮಂಗಳೂರಿಗೆ 13ಕ್ಕಿಂತ ತುಸು ಕಡಿಮೆ. ಅನಂತರ ಗೋಲವನ್ನು ತಿರುಗಿಸಿದರೆ, ಅರಬರು ಸುಹೈಲ್ ಎನ್ನುವ ಅಗಸ್ತ್ಯ ನಕ್ಷತ್ರವು ಶುವೈಖ್‌ನಲ್ಲಿ ದಕ್ಷಿಣ ಕ್ಷಿತಿಜದಿಂದ ಕೇವಲ 8 ಡಿಗ್ರಿ ಮೇಲೇರಿ, ಐದೂವರೆ ಗಂಟೆಗೆ ಸ್ವಲ್ಪ ಮಿಕ್ಕ ಅವಧಿಯಲ್ಲಿ ಮುಳುಗುವುದೂ, ಮಂಗಳೂರಿನಲ್ಲಿ 24 ಡಿಗ್ರಿಯವರೆಗೆ ಏರಿ ಒಂಬತ್ತೂವರೆ ಗಂಟೆಗೂ ಹೆಚ್ಚು ಹೊತ್ತು ನಿಲ್ಲುವುದೂ ಕಣ್ಣಿಗೆ ಕಟ್ಟುತ್ತದೆ. ಕುವೈತಿನ ಜನರು ಸೆಪ್ಟೆಂಬರ್ ಆರಂಭದ ಮುಂಜಾವಿನಲ್ಲಿ ಸುಹೈಲನ್ನು ಕಂಡು ಬೇಸಿಗೆಯ ಬಿರುಸು ತಗ್ಗಿತೆಂದು ತಿಳಿಯುತ್ತಾರೆ. ವರಾಹಮಿಹಿರರ ‘ಬೃಹತ್ಸಂಹಿತೆ’ಯಲ್ಲಿ ಇದೇ ನಕ್ಷತ್ರದ ಉದಯಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ.

ಈ ಎರಡು ಊರುಗಳನ್ನು ಜೋಡಿಸಿ ಹೇಳುವುದಕ್ಕೆ ಇತಿಹಾಸದ ಆಧಾರವಿದೆ. ತೈಲದ ಸಂಪತ್ತು ಬರುವ ಮುನ್ನ ಕುವೈತಿನ ‘ಬೂಮ್’ ಹಡಗುಗಳು ಬಸ್ರಾದ ಖರ್ಜೂರವನ್ನು ಹೇರಿಕೊಂಡು ಭಾರತದ ಪಶ್ಚಿಮ ಕರಾವಳಿಗೆ ಬಂದು, ಹಡಗು ಕಟ್ಟಲು ಬೇಕಾದ ಮರವನ್ನು ಒಯ್ಯುತ್ತಿದ್ದವು. ತೆಂಕಣಕ್ಕೆ ಸಾಗಿದಂತೆ ಧ್ರುವನಕ್ಷತ್ರ ತಗ್ಗುವುದನ್ನು ಹಿಂದೂಮಹಾಸಾಗರದ ಅರಬ್ ನಾವಿಕರು ಶತಮಾನಗಳಿಂದಲೂ ‘ಇಸ್ಬಾ’ ಅಂದರೆ ಬೆರಳಗಲದ ಲೆಕ್ಕದಲ್ಲಿ, ಮರದ ಹಲಗೆಗೆ ಗಂಟುಹಾಕಿದ ದಾರ ಕಟ್ಟಿದ ‘ಕಮಾಲ್’ ಎಂಬ ಉಪಕರಣದಿಂದ ಅಳೆಯುತ್ತಿದ್ದರು. ಪಾಠಶಾಲೆಯ ಗೋಲವೂ ನಾವಿಕನ ಹಲಗೆಯೂ ಹೀಗೆ ಧ್ರುವದ ಎತ್ತರವೇ ಊರಿನ ಅಕ್ಷಾಂಶವೆಂಬ ಒಂದೇ ಸತ್ಯವನ್ನು ನೆಚ್ಚಿಕೊಂಡಿದ್ದವು.

ಕುವೈತಿನ ದಾರ್ ಅಲ್ ಅಥರ್ ಅಲ್ ಇಸ್ಲಾಮಿಯಾ ಸಂಗ್ರಹದಲ್ಲಿ ಗೋಲದ ಸೋದರ ಉಪಕರಣವೊಂದಿದೆ. ಆಕಾಶಗೋಲವನ್ನು ಚಪ್ಪಟೆ ತಟ್ಟೆಗೆ ಇಳಿಸಿದ ಆ ಆಸ್ಟ್ರೋಲೇಬನ್ನು ನಸ್ತುಲುಸ್ ಎಂಬಾತ ಹಿಜರಿ 315ರಲ್ಲಿ, ಅಂದರೆ 927–28ರಲ್ಲಿ ನಿರ್ಮಿಸಿದ. ತೇದಿ ಕೆತ್ತಿರುವ ಇಂಥ ಉಪಕರಣಗಳಲ್ಲಿ ಇದು ಅತಿ ಪ್ರಾಚೀನವಾದವುಗಳಲ್ಲೊಂದು. ಶುವೈಖ್‌ನಲ್ಲಿ 1953ರಲ್ಲಿ ಪ್ರೌಢಶಾಲೆಯೂ, 1966ರಲ್ಲಿ ಆರಂಭವಾದ ಕುವೈತ್ ವಿಶ್ವವಿದ್ಯಾಲಯದ ಆವರಣವೂ ತಲೆಯೆತ್ತಿದ ಮೇಲೆ ಕಲಿಕೆಯ ಸಾಧನಗಳು ಬದಲಾದವು. ಆದರೆ ನೋಡುಗನು ನಿಂತ ನೆಲವೇ ಅವನ ಆಕಾಶವನ್ನು ನಿರ್ಧರಿಸುತ್ತದೆ ಎಂಬ ಮಾತನ್ನು ಕೈಯಿಂದ ತಿರುಗಿಸಿ ಮನಗಾಣಿಸಲು ಹಳೆಯ ಗೋಲದಷ್ಟು ನೇರವಾದ ಸಾಧನ ವಿರಳ. ಆದ್ದರಿಂದ ಅದು ಶಾಲೆಗಳಲ್ಲಿ ಇಂದಿಗೂ ಬಳಕೆಗೆ ಬರಬೇಕಾದ ಗುರುವಾಗಿದೆ.